ಒಂದೂವರೆ ಗೇಣಿನ ದಾರಿ

ದೂರವನ್ನು ಅಳೆಯುವುದಕ್ಕೆ ನಮ್ಮ ಹಿರಿಯರು ಸರಪಳಿಯನ್ನು ಹಿಡಿದು ಹೊರಟವರಲ್ಲ. ಪಕ್ಕದ ಹಟ್ಟಿಯೆಂದರೆ ಒಂದು ಕೂಗಳತೆ. ಸಂತೆಯ ಊರೆಂದರೆ ಎರಡು ಹರಿದಾರಿ. ಬೀಗರ ಊರೆಂದರೆ ‘ಕೋಳಿ ಕೂಗುವಾಗ ಹೊರಟರೆ ಊಟದ ಹೊತ್ತಿಗೆ ಸೇರಬಹುದು.’ ಕೇಳಿದ್ದು ದೂರವನ್ನು, ಹೇಳಿದ್ದು ಹೊತ್ತನ್ನು. ಆದರೂ ಕೇಳಿದವನಿಗೆ ಬೇಕಾದ ಉತ್ತರ ದೊರೆತಿರುತ್ತಿತ್ತು. ಮೈಲಿಕಲ್ಲುಗಳು ಬಂದ ಮೇಲೆ ನಾವು ಈ ಎರಡನ್ನೂ ಬೇರ್ಪಡಿಸಿದೆವು. ಬೇರ್ಪಡಿಸಿದ್ದರಿಂದ ಶಾಸ್ತ್ರಕ್ಕೆ ಲಾಭವಾಗಿರಬಹುದು. ನನಗಂತೂ ಒಮ್ಮೆ ಬಹಳ ನಷ್ಟವಾಯಿತು. ಆ ಕಥೆಯನ್ನು ಹೇಳದೆ ಈ ವಾರದ ವಿಷಯಕ್ಕೆ ಪ್ರವೇಶವಿಲ್ಲ.

ನನ್ನ ಅಣ್ಣನಿರುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಸಮೀಪದ ಒಂದು ಊರಿನಲ್ಲಿ. ಕಳೆದ ಮಾಘದಲ್ಲಿ ಒಂದು ಮಂಗಳವಾರ, ಬೆಳಗಿನ ಜಾವ ನಾಲ್ಕೂವರೆ ಗಂಟೆಗೆ, ಮೈಸೂರಿನ ನಮ್ಮ ಮನೆಯಲ್ಲಿ ತಂದೆಯವರು ತೀರಿಕೊಂಡರು. ಐದು ಗಂಟೆಗೆ ಅಣ್ಣನಿಗೆ ಸುದ್ದಿ ಮುಟ್ಟಿಸಿದೆ. ಆರು ಗಂಟೆಯ ವೇಳೆಗೆ ಸೋದರಮಾವನವರು ಬಂದರು, ಪುರೋಹಿತರು ಬಂದರು, ನೆರೆಹೊರೆಯವರು ಸೇರಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ದೊಡ್ಡವನು ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ?’

ಎಂದೋ ಪತ್ರಿಕೆಯಲ್ಲಿ ಓದಿದ್ದ ಅಂಕಿ ನಾಲಗೆಯ ತುದಿಗೆ ಬಂದಿತು. ‘ಹದಿನಾರು ಗಂಟೆ’ ಎಂದುಬಿಟ್ಟೆ.

ಮಾವನವರು ಬೆರಳೆಣಿಸಿದರು. ಹಾಗಾದರೆ ರಾತ್ರಿ ಹತ್ತಕ್ಕೆ ಬರುತ್ತಾನೆ, ಮರುದಿನ ಬೆಳಿಗ್ಗೆ ಸಂಸ್ಕಾರ ಎಂದು ನಿಶ್ಚಯಿಸಿದರು. ಹಳ್ಳಿಯ ಬಂಧುಗಳಿಗೆ ಹಾಗೆಯೇ ಹೇಳಿ ಕಳುಹಿಸಿದರು. ಒಂಬತ್ತು ಗಂಟೆಗೆ ಅಣ್ಣನೇ ಫೋನು ಮಾಡಿದನು. ಅವನಿನ್ನೂ ಮನೆಯಲ್ಲೇ ಇದ್ದನು. ದೊರೆತದ್ದು ಅವರ ಕಾಲದ ಸೋಮವಾರ ರಾತ್ರಿ ಹತ್ತರ ವಿಮಾನ. ಅದೂ ಸಿಂಗಪುರದಲ್ಲಿ ಇಳಿದು ಬೇರೆಯದನ್ನು ಹಿಡಿಯಬೇಕಾದದ್ದು. ನಮ್ಮ ಗಡಿಯಾರದಲ್ಲಿ ಅವನು ನೆಲ ಬಿಡುವುದೇ ಮಂಗಳವಾರ ಹನ್ನೊಂದೂವರೆಗೆ. ಸಿಂಗಪುರಕ್ಕೆ 17 ಗಂಟೆ, ಅಲ್ಲಿ ಕಾಯುವುದು 3 ಗಂಟೆ, ಅಲ್ಲಿಂದ ಬೆಂಗಳೂರಿಗೆ ನಾಲ್ಕೂವರೆ. ಬುಧವಾರ ಮಧ್ಯಾಹ್ನ 12ಕ್ಕೆ ದೇವನಹಳ್ಳಿ. ತನಿಖೆ, ಪೆಟ್ಟಿಗೆಗಳೆಂದು ಒಂದು ಗಂಟೆ. ಅಲ್ಲಿಂದ ಮೈಸೂರಿಗೆ ಕಾರಿನಲ್ಲಿ ನಾಲ್ಕು ಗಂಟೆ. ಬುಧವಾರ ಸಂಜೆ ಐದು! ಮಾಘದಲ್ಲಿ ಸೂರ್ಯ ಆರೂಕಾಲು ದಾಟಿದರೆ ಮುಳುಗುತ್ತಾನೆ. ಎಲ್ಲಿಯಾದರೂ ಒಂದೂವರೆ ಗಂಟೆ ತಡವಾದರೆ ಮತ್ತೊಂದು ರಾತ್ರಿ.

ಹದಿನಾರು ಗಂಟೆಯೆಂದವನು ಮೂವತ್ತಾರು ಗಂಟೆಯೆಂದು ತಿದ್ದಿ ಹೇಳಬೇಕಾಯಿತು. ಮನೆ ತುಂಬ ಜನ. ಕೆಲವರು ಆಗಲೇ ಬಸ್ಸು ಹತ್ತಿದ್ದರು. ‘ಓದಿದವನು, ಮಕ್ಕಳಿಗೆ ಪಾಠ ಹೇಳುವವನು’ ಎಂದು ಯಾರೋ ಅಂಗಳದಲ್ಲಿ ಅಂದದ್ದು ಕಿವಿಗೆ ಬಿತ್ತು. ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ತಾಯಿಯವರು ಮಾತ್ರ ಏನೂ ಅನ್ನಲಿಲ್ಲ.

ಅವರು ಬಾಯಿ ತೆರೆದದ್ದು ವೈಕುಂಠ ಸಮಾರಾಧನೆಯೆಲ್ಲ ಮುಗಿದು, ಅಣ್ಣನೂ ಹಿಂತಿರುಗಿ ಹೋದ ಬಳಿಕ. ‘ಆ ಊರು ನಿಜವಾಗಿ ಎಷ್ಟು ದೂರವಪ್ಪಾ?’ ಎಂದು ಕೇಳಿದರು. ಈ ಸಲ ಪತ್ರಿಕೆಯ ಅಂಕಿಯನ್ನು ನಂಬುವ ಧೈರ್ಯ ನನಗಿರಲಿಲ್ಲ. ಭೂಗೋಳದ ಅಧ್ಯಾಪಕರಾದ ಮಿತ್ರರೊಬ್ಬರಿಂದ ಒಂದಡಿ ಅಡ್ಡಳತೆಯ ಭೂಗೋಳವನ್ನು ಬೇಡಿ ತಂದೆನು. ತಾಯಿಯವರು ದೇವರ ಹೂವು ಕಟ್ಟುವ ಬುಟ್ಟಿಯಿಂದ ಒಂದು ಎಳೆ ದಾರ ಕೊಟ್ಟರು.

ವಾಚಕರು ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲಿಟ್ಟು, ಸಡಿಲವಿಲ್ಲದಂತೆ ಎಳೆಯಬೇಕು. ದಾರ ತಾನಾಗಿಯೇ ಜಾರಿ ಜಾರಿ ಅತಿ ಸಮೀಪದ ಹಾದಿಯಲ್ಲಿ ನಿಲ್ಲುತ್ತದೆ. ಆ ಹಾದಿಯನ್ನು ಕಂಡು ನಾನು ಬೆರಗಾದೆನು. ಕಾಲೇಜಿನ ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಕ್ಕೆ, ಭಾರತ ಬಲಕ್ಕೆ. ಅಳತೆಪಟ್ಟಿಯಿಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಅರೇಬಿಯ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರಗಳನ್ನು ದಾಟಿ, ಅಮೆರಿಕದ ಉದ್ದಕ್ಕೂ ಸಾಗಿ ಸ್ಯಾನ್ ಫ್ರಾನ್ಸಿಸ್ಕೋವನ್ನು ಮುಟ್ಟುತ್ತದೆ. ಆ ‘ನೇರ’ ಗೆರೆಯನ್ನು ನೆಲದ ಮೇಲೆ ಅಳೆದರೆ ಸುಮಾರು 20,000 ಕಿ.ಮೀ. ನನ್ನ ದಾರವಾದರೋ ಪಶ್ಚಿಮಕ್ಕೆ ತಲೆಹಾಕಲೇ ಇಲ್ಲ, ಪೂರ್ವಕ್ಕೂ ಹೆಚ್ಚಾಗಿ ವಾಲಲಿಲ್ಲ. ಉತ್ತರಕ್ಕೆ ಹೊರಟಿತು! ಅದರ ಅಳತೆ ಸುಮಾರು 14,000 ಕಿ.ಮೀ., ಅಂದರೆ 8,700 ಮೈಲಿ. ಚಪ್ಪಟೆಯ ಕಾಗದವನ್ನು ನಂಬಿದವನಿಗೆ ಆರು ಸಾವಿರ ಕಿಲೋಮೀಟರು ದಂಡ.

ದಾರದ ಕೆಳಗೆ ಯಾವ ಯಾವ ಊರುಗಳು ಬರುತ್ತವೆಂದು ಕನ್ನಡಕ ಒರೆಸಿಕೊಂಡು ನೋಡಿದೆವು. ಮೊದಲು ವಾರಂಗಲ್ಲಿನ ಆಸುಪಾಸು. ಬಳಿಕ ನರ್ಮದೆ ಹುಟ್ಟುವ ಅಮರಕಂಟಕದ ಪಕ್ಕ. ಅನಂತರ ಪ್ರಯಾಗಕ್ಕೂ ಕಾಶಿಗೂ ನಡುವೆ, ಮಿರ್ಜಾಪುರದ ಹತ್ತಿರ ಗಂಗೆಯನ್ನು ದಾಟುತ್ತದೆ. ನಮ್ಮ ದೇಶದ ಗಡಿಯಾರಗಳೆಲ್ಲ ಅನುಸರಿಸುವ 82½ ಡಿಗ್ರಿ ರೇಖಾಂಶ ಹಾಯುವುದೂ ಅಲ್ಲಿಯೇ. ನಮ್ಮ ಹೊತ್ತಿನ ಗೆರೆಯೂ ನಮ್ಮ ದೂರದ ದಾರವೂ ಒಂದನ್ನೊಂದು ಕತ್ತರಿಸುವ ಸ್ಥಳವದು. ‘ಕಾಶಿಯ ಹತ್ತಿರವೇ ಹೋಗುತ್ತದೆಯೇ?’ ಎಂದು ತಾಯಿಯವರು ಎರಡು ಸಲ ಕೇಳಿದರು. ಮುಂದೆ ನೇಪಾಳದ ಅನ್ನಪೂರ್ಣಾ ಶಿಖರಗಳು, ಟಿಬೆಟ್ಟು, ಚೀನದ ಸಿಂಕಿಯಾಂಗಿನ ಮರಳುಗಾಡು, ಮಂಗೋಲಿಯದ ಪಶ್ಚಿಮದಂಚು, ಬೈಕಲ್ ಸರೋವರದಿಂದ ಬಹು ಉತ್ತರಕ್ಕೆ ಸೈಬೀರಿಯದ ಕಾಡು, ಕೊಲಿಮಾ ನದಿ ಹಿಮಸಮುದ್ರವನ್ನು ಸೇರುವ ಕಡೆ. ಅಲ್ಲಿ 71 ಡಿಗ್ರಿ ಅಕ್ಷಾಂಶವನ್ನು ಮುಟ್ಟಿ ದಾರ ಮೆಲ್ಲಗೆ ಇಳಿಮುಖವಾಗುತ್ತದೆ. ಅಲಾಸ್ಕವನ್ನು ಹಾಯ್ದು, ಪೆಸಿಫಿಕ್ ಸಾಗರದ ಮೇಲೆ ಬಂದು ಊರು ಸೇರುತ್ತದೆ. ಇಷ್ಟೆಲ್ಲ ದೇಶಗಳೂ ಸೇರಿ ನನ್ನ ಗೋಳದ ಮೇಲೆ ಒಂದೂವರೆ ಗೇಣು. ವಿಮಾನ ಹಾರುವ ಹನ್ನೊಂದು ಕಿಲೋಮೀಟರು ಎತ್ತರವೋ, ಆ ಪ್ರಮಾಣದಲ್ಲಿ ಕಾಲು ಮಿಲಿಮೀಟರು. ಹೂವಿನ ದಾರದ ದಪ್ಪಕ್ಕಿಂತ ಹೆಚ್ಚೇನಲ್ಲ. ಆಕಾಶದಲ್ಲಿ ಹಾರಿದೆವೆಂದು ಬೀಗುವವರು ನೆಲವನ್ನು ಸವರಿಕೊಂಡೇ ಹೋಗಿರುತ್ತಾರೆ.

ಅಮರಕಂಟಕದ ಹೆಸರು ಕಂಡಾಗ ಪಾಠದ ಕೋಣೆ ನೆನಪಾಯಿತು. ಮೇಘದೂತದ ಆಮ್ರಕೂಟ ಪರ್ವತವನ್ನು ವಿದ್ವಾಂಸರು ಸಾಮಾನ್ಯವಾಗಿ ಅಮರಕಂಟಕವೆಂದು ಗುರುತಿಸುತ್ತಾರೆ. ಬೇಂದ್ರೆಯವರು ಕನ್ನಡಕ್ಕೆ ತಂದಿರುವ ಆ ಕಾವ್ಯವನ್ನು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ಅದು ಪ್ರಯಾಣದ ಕೈಪಿಡಿಯೂ ಹೌದೆಂಬುದು ಮಾತ್ರ ಆವರೆಗೆ ಹೊಳೆದಿರಲಿಲ್ಲ. ಯಕ್ಷನು ಅಲಕೆಗೆ ಎಷ್ಟು ಯೋಜನವೆಂದು ಮೋಡಕ್ಕೆ ಹೇಳುವುದೇ ಇಲ್ಲ. ಎಲ್ಲಿ ಬೆಟ್ಟದ ಮೇಲೆ ದಣಿವಾರಿಸಿಕೊಳ್ಳಬೇಕು, ಯಾವ ನದಿಯಲ್ಲಿ ನೀರು ಕುಡಿಯಬೇಕು ಎಂದು ಹೇಳುತ್ತಾನೆ. ಉಜ್ಜಯಿನಿಗಾಗಿ ದಾರಿ ಸೊಟ್ಟಗಾದರೂ ಚಿಂತೆಯಿಲ್ಲವೆನ್ನುತ್ತಾನೆ. ನಾನು ಆ ಮಂಗಳವಾರ ಮಾವನವರಿಗೆ ಯಕ್ಷನಂತೆ ಉತ್ತರಿಸಿದ್ದರೆ ಎಷ್ಟೋ ಜನರ ಬಸ್ಸಿನ ಹಣ ಉಳಿಯುತ್ತಿತ್ತು.

ಹಾಗಾದರೆ ವಿಮಾನಗಳು ಈ ದಾರದ ಮೇಲೆಯೇ ಹೋಗುತ್ತವೆಯೇ? ಇಲ್ಲ. ದಾರಕ್ಕೆ ಉಸಿರಾಟವಿಲ್ಲ, ಪಾಸ್‌ಪೋರ್ಟಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಎಂದಾದರೂ ತಪ್ಪಿದರೆ ಚಾಲಕನು ಕೂಡಲೇ ಹತ್ತು ಸಾವಿರ ಅಡಿಯ ಸುಮಾರಿಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಬಹಳ ಎತ್ತರದಲ್ಲಿದೆ, ಇಳಿಯುವುದೆಲ್ಲಿ? ಆದುದರಿಂದ ಆ ಪ್ರಸ್ಥಭೂಮಿಯನ್ನು ಸಾಧ್ಯವಾದಷ್ಟು ಬಳಸಿಕೊಂಡೇ ಹೋಗುತ್ತಾರೆ. ಇನ್ನು ನೆಲದ ಮೇಲಿನ ಜಗಳಗಳು ಆಕಾಶಕ್ಕೂ ಏರುತ್ತವೆ. 2022ರಲ್ಲಿ ಯೂಕ್ರೇನಿನ ಯುದ್ಧ ಆರಂಭವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯದ ಆಕಾಶ ಮುಚ್ಚಿಹೋಯಿತು. ನಮ್ಮ ದೇಶದವಕ್ಕೆ ಮುಚ್ಚಲಿಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರು, 16 ಮಂದಿ ಸಿಬ್ಬಂದಿ, ಬೇರೊಂದು ವಿಮಾನ ಬರುವವರೆಗೆ ಹೆಸರೂ ಕೇಳಿರದ ಆ ಚಳಿಯ ಊರಿನಲ್ಲಿ ಉಳಿದರು. ದಾರದ ಕೆಳಗೂ ಊರುಗಳಿರುತ್ತವೆ, ಅಲ್ಲಿಯೂ ಅಡಿಗೆ ಮಾಡಿ ಬಡಿಸುವವರಿರುತ್ತಾರೆ ಎಂಬುದು ಹೀಗೆ ಒಮ್ಮೊಮ್ಮೆ ತಿಳಿಯುತ್ತದೆ.

ಗಾಳಿಯ ಮಾತು ಬೇರೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಿರುಗಾಳಿಯುಂಟು. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದು ಅಪರೂಪವಲ್ಲ. ಅದು ಬೆನ್ನಿಗಿದ್ದರೆ ಮಿತ್ರ, ಎದುರಿಗಿದ್ದರೆ ಶತ್ರು. ಲೆಕ್ಕ ಸುಲಭವಾಗಿದೆ. ಗಂಟೆಗೆ 900 ಕಿ.ಮೀ. ಹೋಗುವ ವಿಮಾನಕ್ಕೆ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ.ನಷ್ಟು ಗಾಳಿ ಒಮ್ಮೆ ಹಿಂದಿನಿಂದ, ಒಮ್ಮೆ ಮುಂದಿನಿಂದ ಬೀಸಿತೆನ್ನಿ. ಹೋಗುವುದಕ್ಕೂ ಬರುವುದಕ್ಕೂ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸ ಬೀಳುತ್ತದೆ. ಆದುದರಿಂದಲೇ ವಿಮಾನ ನಡೆಸುವವರು ಪ್ರತಿ ದಿನವೂ ಹೊಸ ದಾರಿಯನ್ನು ಗುಣಿಸುತ್ತಾರೆ. ನಕ್ಷೆಯಲ್ಲಿ ಹತ್ತಿರವಾದದ್ದು ಗಾಳಿಯಲ್ಲಿ ದೂರವಾಗಬಹುದು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಬರುವ ಏರ್ ಇಂಡಿಯಾದ ಮೊದಲ ಹಾರಾಟ ನಡೆದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲರ ಮುಂದಾಳುತನದಲ್ಲಿ ಚಾಲಕರ ಕೋಣೆಯಲ್ಲಿದ್ದವರೆಲ್ಲ ಮಹಿಳೆಯರೇ. ಅವರು ಉತ್ತರ ಧ್ರುವದ ಮೇಲೆಯೇ ಹಾದು ಬಂದರು. ಧ್ರುವವೆಂದ ಕೂಡಲೇ ಬಹಳ ಸುತ್ತೆಂದು ತೋರುತ್ತದೆಯಲ್ಲವೇ? ದಾರವನ್ನು ಸ್ವಲ್ಪ ಎತ್ತಿ ಗೋಳದ ನೆತ್ತಿಯ ಮೊಳೆಗೆ ತಗುಲಿಸಿ ನೋಡಿ: ಹೆಚ್ಚಾಗುವುದು ಕೇವಲ 375 ಕಿ.ಮೀ. ಅನುಕೂಲವಾದ ಗಾಳಿಯಿದ್ದರೆ ಅಷ್ಟು ಸುತ್ತು ಸುತ್ತೇ ಅಲ್ಲ. ಜನವರಿ 9ರ ರಾತ್ರಿ ಹೊರಟವರು, ಸುಮಾರು 17 ಗಂಟೆ ಹಾರಿ, 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿದರು. ಹತ್ತನೆಯ ತಾರೀಖು ಅವರ ಪಾಲಿಗೆ ಎಲ್ಲಿ ಹೋಯಿತೆಂದು ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದ್ದನು. ‘ಪೂರ್ವಪದ ಲೋಪಸಂಧಿ’ ಎಂದು ಹೇಳಿ ಪಾರಾಗಿದ್ದೆ.

ನಾನು ಓದಿ ಮರೆತಿದ್ದ ‘ಹದಿನಾರು ಗಂಟೆ’ ಇಂಥ ನೇರ ಹಾರಾಟದ್ದು. ಆ ಅಂಕಿಗೊಂದು ಗುಟ್ಟಿದೆ. ವೇಳಾಪಟ್ಟಿಯಲ್ಲಿ ಅಚ್ಚಾಗುವ ಅವಧಿ ವಿಮಾನವು ತನ್ನ ನಿಲ್ದಾಣದ ಜಾಗ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಸ್ತಬ್ಧವಾಗುವ ಕ್ಷಣದವರೆಗಿನದು. ವಿಮಾನಕ್ಕೆ ಅದೇ ಪ್ರಯಾಣ. ಮನುಷ್ಯನಿಗಾದರೋ ಪ್ರಯಾಣ ಪೆಟ್ಟಿಗೆಗೆ ಬೀಗ ಹಾಕುವಾಗ ಆರಂಭವಾಗಿ ಯಾರೋ ಬಾಗಿಲು ತೆರೆದಾಗ ಮುಗಿಯುತ್ತದೆ. ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿ ವಾಸಿಸುವವರನ್ನು ಕೇಳಿ. ದೇವನಹಳ್ಳಿಯನ್ನು ಸೇರುವುದಕ್ಕೇ ಎರಡು ಗಂಟೆಯನ್ನು ತೆಗೆದಿಟ್ಟಿರುತ್ತಾರೆ. ಆ ವೇಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದಾದರೆ ಒಂದು ತಿಂಗಳು ಬೇಕು.

ಒಂದು ತಿಂಗಳೆಂದು ನಕ್ಕೆನಷ್ಟೆ. ಅದು ಹಳೆಯ ಕಾಲದವರಿಗೆ ಕಡಮೆಯೇ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದವರು ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮೇಲೆ ಸಾಗಿ ಅಮೆರಿಕ ಖಂಡದ ಪಶ್ಚಿಮ ತೀರದ ವ್ಯಾಂಕೂವರನ್ನು ಸೇರಿದ್ದು ಜುಲೈ 25ಕ್ಕೆ. ನನ್ನ ತಂದೆಯವರು ಅಂಚೆ ಇಲಾಖೆಯಲ್ಲಿ ದುಡಿದವರು. ಅವರ ಅಭಿಮಾನದ ಸಂಗತಿ ಬೇರೊಂದಿತ್ತು. 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ತಂದ ಟಪಾಲನ್ನು ನೆವಿಲ್ ವಿನ್‌ಸೆಂಟ್ ಎಂಬುವರು ಮದರಾಸಿಗೆ ಒಯ್ದರಷ್ಟೆ. ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ‘ಬೆಂಗಳೂರಿಗಿಂತ ಮೊದಲು ಬಳ್ಳಾರಿ!’ ಎಂದು ಮೇಜು ತಟ್ಟಿ ಹೇಳುತ್ತಿದ್ದರು. ಅವರ ಮಗನ ದಾರಿಯನ್ನು ಅಳೆಯುತ್ತ ಕುಳಿತಾಗ ಆ ಸದ್ದು ಕೇಳಿದಂತಾಯಿತು.

ಇಷ್ಟು ದೂರ ಒಂದೇ ಉಸಿರಿಗೆ ಹಾರುವುದರಲ್ಲಿ ಇನ್ನೊಂದು ವಿಚಿತ್ರವಿದೆ. ಮೊದಲ ಹಾರಾಟಕ್ಕೆ ಬಳಸಿದ ಬೋಯಿಂಗ್ 777-200ಎಲ್ಆರ್ ಜಾತಿಯ ವಿಮಾನ ಸುಮಾರು 1,80,000 ಲೀಟರು ಇಂಧನವನ್ನು ಹೊರಬಲ್ಲುದು. ಹೊರಡುವಾಗಿನ ಭಾರದಲ್ಲಿ ಇಂಧನದ್ದೇ ದೊಡ್ಡ ಪಾಲು. ಮೊದಲ ಗಂಟೆಗಳಲ್ಲಿ ಸುಡುವ ಎಣ್ಣೆ, ಕೊನೆಯ ಗಂಟೆಗಳಲ್ಲಿ ಸುಡಬೇಕಾದ ಎಣ್ಣೆಯನ್ನು ಹೊರುವುದಕ್ಕಾಗಿಯೇ ವೆಚ್ಚವಾಗುತ್ತದೆ. ಬುತ್ತಿಯ ಗಂಟು ಹೊರುವ ಆಳಿಗೂ ಬುತ್ತಿ ಕಟ್ಟಬೇಕಾದ ಹಾಗೆ. ಇದೇ ಜಾತಿಯ ವಿಮಾನವೊಂದು 2005ರ ನವೆಂಬರಿನಲ್ಲಿ ಹಾಂಗ್‌ಕಾಂಗಿನಿಂದ ಬೇಕೆಂದೇ ಪೂರ್ವಾಭಿಮುಖವಾಗಿ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್‌ಗಳನ್ನು ದಾಟಿ, 21,602 ಕಿ.ಮೀ.ಗಳನ್ನು 22 ಗಂಟೆ 42 ನಿಮಿಷಗಳಲ್ಲಿ ಹಾರಿ ಲಂಡನ್ನನ್ನು ಮುಟ್ಟಿತು. ತಮಾಷೆಗೆ ಅದು ಸರಿ. ದಿನನಿತ್ಯದ ವ್ಯಾಪಾರದಲ್ಲಿ ನಡುವೆ ಒಂದು ಕಡೆ ಇಳಿದು ಎಣ್ಣೆ ತುಂಬಿಸುವುದೇ ಎಷ್ಟೋ ಸಲ ಅಗ್ಗವೆನಿಸುತ್ತದೆ. ಬಹು ದೂರದ ನೇರ ಹಾರಾಟಗಳು ಒಂದು ವರ್ಷ ಆರಂಭವಾಗಿ ಇನ್ನೊಂದು ವರ್ಷ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇದ್ದಾಗ ಹದಿನಾರು ಗಂಟೆ, ಇಲ್ಲದಾಗ ಇಪ್ಪತ್ತನಾಲ್ಕು. ದಾರ ಮಾತ್ರ ಅಷ್ಟೇ ಉದ್ದ.

ಕೊನೆಗೆ ಗಡಿಯಾರದ ತೊಡಕೊಂದಿದೆ. ಆರ್ಯಭಟನು ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ನಾಲ್ಕು ನಗರಗಳನ್ನು ಭೂಮಿಯ ನಾಲ್ಕು ಕಡೆಗಳಲ್ಲಿರಿಸಿ, ಲಂಕೆಯಲ್ಲಿ ಸೂರ್ಯನು ಹುಟ್ಟುವ ಹೊತ್ತಿಗೆ ಅದಕ್ಕೆ ಎದುರುಬದಿಯ ಸಿದ್ಧಪುರದಲ್ಲಿ ಮುಳುಗುತ್ತಾನೆಂದು ವಿವರಿಸಿದ್ದಾನೆ. ಅವನ ಸಿದ್ಧಪುರದಲ್ಲಿ ಮನೆಮಾಡಿಕೊಳ್ಳುವ ಕಾಲ ನಮ್ಮವರಿಗೆ ಬರುತ್ತದೆಂದು ಅವನೇನು ಬಲ್ಲ! ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ರೇಖಾಂಶದ ಅಂತರ 200 ಡಿಗ್ರಿ. ಸೂರ್ಯನ ಲೆಕ್ಕದಲ್ಲಿ 13 ಗಂಟೆ 20 ನಿಮಿಷ, ಗಡಿಯಾರದ ಲೆಕ್ಕದಲ್ಲಿ ಹದಿಮೂರೂವರೆ, ಅವರು ಬೇಸಗೆಯಲ್ಲಿ ಮುಳ್ಳು ತಿರುಗಿಸಿಕೊಂಡಾಗ ಹನ್ನೆರಡೂವರೆ. ತಂದೆಯವರು ತೀರಿಕೊಂಡದ್ದು ನಮಗೆ ಮಂಗಳವಾರ ಬೆಳಗಿನ ಜಾವ. ಅಣ್ಣನಿಗೆ ಅದು ಸೋಮವಾರ ಮಧ್ಯಾಹ್ನ ಮೂರು ಗಂಟೆ. ಅವನು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಹೊತ್ತು. ಇಂದಿಗೂ ಮಾತಿನ ನಡುವೆ ಅವನು ‘ಆ ಸೋಮವಾರ’ ಎನ್ನುತ್ತಾನೆ, ನಾನು ‘ಮಂಗಳವಾರ’ ಎನ್ನುತ್ತೇನೆ. ತಿಥಿಯೊಂದೇ ಆದ್ದರಿಂದ ಪುರೋಹಿತರಿಗೆ ತೊಂದರೆಯಾಗಲಿಲ್ಲ.

ಆ ಬುಧವಾರ ಅವನು ಐದು ಗಂಟೆ ಐದು ನಿಮಿಷಕ್ಕೆ ಬಾಗಿಲಿಗೆ ಬಂದನು. ಹೊತ್ತು ಮುಳುಗುವುದಕ್ಕೆ ಮೊದಲೇ ಎಲ್ಲವೂ ನಡೆಯಿತು. ಸ್ಮಶಾನದಲ್ಲಿ ಅವನ ಮಣಿಕಟ್ಟಿನ ಮೇಲೆ ನನ್ನ ಕಣ್ಣು ಬಿತ್ತು. ಕೈಗಡಿಯಾರವನ್ನು ತಿರುಗಿಸಿಕೊಳ್ಳುವುದಕ್ಕೆ ಅವನಿಗೆ ಬಿಡುವಾಗಿರಲಿಲ್ಲ. ನಮ್ಮ ಸಂಜೆ ಆರು ಗಂಟೆಗೆ ಅದು ನಾಲ್ಕೂವರೆಯನ್ನು ತೋರಿಸುತ್ತಿತ್ತು.

ಮುಂದಿನ ವೈಶಾಖದಲ್ಲಿ ತಾಯಿಯವರು ಅಣ್ಣನ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಅದೂ ಒಬ್ಬರೇ, ಅದೇ ಸಿಂಗಪುರದ ಮೇಲೆಯೇ. ದಾರಿಯ ವಿವರವನ್ನು ದಪ್ಪಕ್ಷರದಲ್ಲಿ ಬರೆದುಕೊಡೆಂದು ಕೇಳಿದರು. ಕಿಲೋಮೀಟರು, ವೇಗ, ಎತ್ತರಗಳನ್ನೆಲ್ಲ ಸೇರಿಸಿ ಒಂದು ಹಾಳೆ ಬರೆದೆನು. ಓದಿ ನೋಡಿ ಹಿಂದಕ್ಕೆ ಕೊಟ್ಟರು. ಎಲ್ಲಿ ಇಳಿಯಬೇಕು, ಇಳಿದು ಯಾವ ಕೈಗೆ ತಿರುಗಬೇಕು, ಗುಳಿಗೆಯನ್ನು ಯಾವ ಊರಿನ ಗಡಿಯಾರ ನೋಡಿ ನುಂಗಬೇಕು, ಆ ಮೂರು ಗಂಟೆ ಕಾಯುವ ಕಡೆ ಬಿಸಿನೀರು ಸಿಗುತ್ತದೆಯೇ, ಇವನ್ನು ಬರೆ ಎಂದರು. ಎರಡನೆಯ ಹಾಳೆಯನ್ನು ಬರೆಯುತ್ತಿದ್ದೇನೆ. ಬಿಸಿನೀರಿನ ವಿಷಯವನ್ನು ಅಣ್ಣನಿಗೆ ಕೇಳಿ ಕಳುಹಿಸಿದ್ದೇನೆ. ಅವನಲ್ಲಿ ಈಗ ನಡುರಾತ್ರಿ.